ಬದುವಿನ ಹುಲ್ಲು ಯಾರದು?

ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಜುಲೈ ಮಳೆ ರಾತ್ರಿಯೆಲ್ಲ ಹೊಡೆದು ಬೆಳಗಿನ ಜಾವ ನಿಂತಿತ್ತು. ಅಣ್ಣನ ಜೊತೆ ಹೊಲಕ್ಕೆ ಹೋದರೆ ಮೇಲಿನ ಬದು ಒಡೆದಿತ್ತು. ನೀರು ನುಗ್ಗಿದ ದಾರಿಯಲ್ಲಿ ಮೊಣಕಾಲುದ್ದ ಕೊರಕಲು. ಅದರ ಅಂಚಿನ ತೊಗರಿ ಸಸಿಗಳ ಬೇರು ಬಯಲಿಗೆ ಬಿದ್ದು ಗಾಳಿಗೆ ತೂಗುತ್ತಿದ್ದವು. ಬೇಸಿಗೆಯಲ್ಲಿ ವೈನಿ, ಅಂದರೆ ಅಣ್ಣನ ಹೆಂಡತಿ, ಬುಟ್ಟಿಯಲ್ಲಿ ಹೊತ್ತು ಹಾಕಿದ್ದ ತಿಪ್ಪೆಗೊಬ್ಬರ ಕೆಳಗಿನ ಮೂಲೆಯಲ್ಲಿ ನುಣ್ಣನೆ ಕೆಸರಿನ ಜೊತೆ ಬಿದ್ದಿತ್ತು. ಮಿಕ್ಕಿದ್ದು ಅಕ್ಷರಶಃ ಹಳ್ಳ ಹಿಡಿದಿತ್ತು. ಅಲ್ಲಿಂದ ಅಮರ್ಜಾ ನದಿ, ಆಮೇಲೆ ಗಾಣಗಾಪುರದ ಸಂಗಮದಲ್ಲಿ ಭೀಮೆ. ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ಬೆಳೆ ಅನ್ನುವ ಗುರುತು, ಸಿಕ್ಕಾಗ ಎಲ್ಲ ಈ ಮಣ್ಣಿನ ಗುಣ ಅಂತ ಹೊಗಳಿದ್ದೇ ಹೊಗಳಿದ್ದು. ಅದೇ ಮಣ್ಣು ಹೀಗೆ ಪುಣ್ಯಸ್ನಾನಕ್ಕೆ ಹೊರಟಿತ್ತು.

ಬದು ತಾನಾಗಿ ಒಡೆದದ್ದಲ್ಲ. ಮೇಲಿನ ಹೊಲದ ಕಾಕಾ ಸಂಜೆಯೇ ಬಂದು ಒಂದು ಕಂಡಿ ತೆಗೆದಿದ್ದರು. ರಾತ್ರಿ ನೀರು ಅದನ್ನೇ ಹಿಗ್ಗಿಸಿಕೊಂಡಿತ್ತು.

"ಒಂದ್ ಮಾತು ಹೇಳಬಾರದೇನ್ರಿ ಕಾಕಾ?" ಅಣ್ಣನ ದನಿ ಏರಿತು.

"ನೀರು ನಿಂತ್ರ ನನ್ನ ತೊಗರಿ ಕೊಳಿತದ. ನಾ ಏನ್ ಮಾಡ್ಲಿ ತಮ್ಮಾ?"

ಅವರ ಮಾತೂ ಸುಳ್ಳಲ್ಲ. ನಮ್ಮ ಕಪ್ಪು ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ನೆನೆದರೆ ಉಬ್ಬಿ ಬಿರುಕೆಲ್ಲ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಿದ್ದ ನೀರು ಒಳಗಿಳಿಯುವುದು ಬಹಳ ನಿಧಾನ. ಕೆಂಪು ಮಣ್ಣಿನ ಮಸಾರಿ ಹೊಲದಲ್ಲಿ ಕಟ್ಟಿದ ಹಾಗೆ ಇಲ್ಲಿ ಸುಮ್ನೆ ಅಡ್ಡ ಒಡ್ಡು ಹಾಕಿದರೆ ಮೇಲಿನವನ ಬೆಳೆ ಸಾಯುತ್ತದೆ, ಇಲ್ಲವೇ ಒಡ್ಡೇ ಕಿತ್ತು ಹೋಗುತ್ತದೆ. ಎರೆ ಹೊಲದ ಬದುವಿನ ಕೆಲಸ ನೀರಿನ ಓಟ ತಗ್ಗಿಸಿ ಒಂದು ಮೂಲೆಗೆ ದಾಟಿಸುವುದು. ಅದಕ್ಕೆ ಕೋಡಿ ಬೇಕೇ ಬೇಕು. ನಮ್ಮ ಬದುವಿಗೆ ಅದೇ ಇರಲಿಲ್ಲ.

ಇನ್ನೊಂದು ಕಾರಣದ ಬಗ್ಗೆ ಇಬ್ಬರೂ ಬಾಯಿ ಬಿಡಲಿಲ್ಲ. ಎತ್ತುಗಳಿದ್ದಾಗ ಇಳಿಜಾರಿಗೆ ಅಡ್ಡವಾಗಿ ಬಿತ್ತುತ್ತಿದ್ದರು. ಈಗ ಬಾಡಿಗೆ ಟ್ರ್ಯಾಕ್ಟರ್. ಹೊರಳಿಸುವುದು ಕಡಿಮೆ ಆಗಲಿ ಅಂತ ಡ್ರೈವರ್ ಹೊಲದ ಉದ್ದಕ್ಕೇ ಹೊಡೆಯುತ್ತಾನೆ. ನಮ್ಮ ಹೊಲದ ಉದ್ದವೇ ಇಳಿಜಾರು. ಒಂದೊಂದು ಸಾಲೂ ಒಂದೊಂದು ಕಾಲುವೆ! ಎತ್ತು ಮಾರಿದ ಮೇಲೆ ಗೊಬ್ಬರವೂ ಅರ್ಧಕ್ಕಿಳಿದಿದೆ. ಈಗಿರುವುದು ಎರಡು ಎಮ್ಮೆ, ಒಂದು ದೇವಣಿ ಆಕಳು.

ಬೈದಾಟ ಮುಗಿದ ಮೇಲೆ ಕೆಲಸ ಶುರು. ಹಳ್ಳದ ಕಡೆಯ ತಗ್ಗು ಮೂಲೆಯಲ್ಲಿ ಕೋಡಿ ಮಾಡಿದೆವು. ದೊಡ್ಡ ಕಲ್ಲು ಬುಡಕ್ಕೆ, ಸಣ್ಣವು ಸಂದಿಗೆ, ಬಾಯಿ ಅಗಲ, ಬದುವಿಗಿಂತ ತಗ್ಗು. ನೀರು ಬೀಳುವ ಕಡೆಯೂ ಕಲ್ಲು ಹಾಸಿದೆವು. ಇಲ್ಲಾಂದ್ರೆ ಅಲ್ಲೇ ಗುಂಡಿ ಬಿದ್ದು ಕೋಡಿಯೂ ಕುಸಿಯುತ್ತದೆ. ಒಡೆದ ಕಡೆ ಮಣ್ಣು ಹಾಕಿ ತುಳಿದು ತುಳಿದು ಗಟ್ಟಿ ಮಾಡುವಷ್ಟರಲ್ಲಿ ನನ್ನ ಕಾಲು ನನ್ನವಲ್ಲ ಅನ್ನಿಸಿತ್ತು. ಕಾಕಾ ಮಾತ್ರ ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ತುಳಿಯುತ್ತಿದ್ದರು.

ಹೊಸ ಮಣ್ಣು ನಿಲ್ಲಬೇಕಾದರೆ ಹುಲ್ಲು ಬೇಕು. ಕರಿಕೆ ಬೇಡವೇ ಬೇಡ ಅಂದರು ಕಾಕಾ. ಅದು ಹಬ್ಬಿ ಹೊಲಕ್ಕಿಳಿದರೆ ತೆಗೆಯೋರು ಯಾರು? ಆಗ ರೊಟ್ಟಿ ಗಂಟು ತಂದ ವೈನಿ, ಕೊಟ್ಟಿಗೆ ಹಿಂದೆ ತಾನು ಬೆಳೆಸಿದ ಗಿನಿ ಹುಲ್ಲು ಹಚ್ಚೋಣ ಅಂದಳು. ಅದು ಬುಡ ಕಟ್ಟಿಕೊಂಡು ನಿಂತಲ್ಲೇ ಬೆಳೆಯುತ್ತದೆ. ನನಗನ್ನಿಸುವುದು ಇಷ್ಟೇ: ಮಣ್ಣು ಉಳಿಸು ಅಂದರೆ ಯಾರೂ ಬದು ಕಾಯುವುದಿಲ್ಲ. ಎಮ್ಮೆಗೆ ಒಂದು ಹೊರೆ ಮೇವು ಬರುತ್ತೆ ಅಂದರೆ ಕಾಯುತ್ತಾರೆ.

ಕಾಯುವುದು ಆಮೇಲೆ, ಮೊದಲು ಹಂಚಿಕೆ. ಬದು ಇಬ್ಬರದು, ಹುಲ್ಲು ಯಾರದು? ಮೇಲಿನ ಮೈ ಕಾಕಾಗೆ, ಕೆಳಗಿನ ಮೈ ನಮಗೆ ಅಂತಾಯಿತು. ವೈನಿ ಇನ್ನೆರಡು ಷರತ್ತು ಸೇರಿಸಿದಳು. ಬೇರು ಹಿಡಿಯೋವರೆಗೆ ಯಾರೂ ಕೊಯ್ಯಬಾರದು, ಕಾಕಾನ ಆಡು ಈ ಕಡೆ ಬರಬಾರದು.

"ಆಡು ನನ್ನ ಮಾತು ಎಲ್ಲಿ ಕೇಳ್ತಾವವ್ವಾ?" ಅಂದರು ಕಾಕಾ.

"ಹಂಗಾದ್ರ ಕಟ್ಟಿ ಹಾಕ್ರಿ" ಅಂತ ವೈನಿ ರೊಟ್ಟಿ ಗಂಟು ಬಿಚ್ಚಿದಳು.