ಅರ್ಧ ಲೆಕ್ಕ ಬಂದ ಸ್ಲೈಡ್

ನಾನು ತುಮಕೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಹೋದ ವರ್ಷ ಎಂಎಸ್ಸಿ ಮಕ್ಕಳ ಪ್ರಾಜೆಕ್ಟಿಗೆ ಗುಬ್ಬಿ ಕಡೆಯ ತೆಂಗಿನ ತೋಟದಿಂದ ಕಣಜದ ಗೂಡು ತಂದೆವು. ಪಂಪ್‌ಸೆಟ್ ಮನೆಯ ಸೂರಿಗೆ ಅಂಟಿಕೊಂಡಿತ್ತು. ರೊಪಾಲಿಡಿಯಾ ಮಾರ್ಜಿನೇಟಾ, ನಮ್ಮ ಕಡೆ ಮಾಮೂಲಿ. ಅದರ ಕ್ರೋಮೋಸೋಮ್ ಎಣಿಸುವುದು ಕೆಲಸ.

ಸುಮ್ನೆ ಎಣಿಸೋಕೆ ಆಗುವುದಿಲ್ಲ. ಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಮಾತ್ರ ಕ್ರೋಮೋಸೋಮ್ ಬಿಡಿಬಿಡಿಯಾಗಿ ಕಾಣುತ್ತವೆ. ಅದಕ್ಕೆ ಮರಿಹುಳು ತಿನ್ನೋದು ಬಿಟ್ಟು, ಹೊಟ್ಟೆಯ ಕಸವನ್ನೆಲ್ಲ ಹೊರಹಾಕಿ, ಇನ್ನೇನು ಪ್ಯೂಪಾ ಆಗಬೇಕು ಅನ್ನುವ ಹಂತದಲ್ಲಿ ಸಿಗಬೇಕು. ಅದರ ಮೆದುಳನ್ನು ಸೂಜಿಯಿಂದ ಬಿಡಿಸಿ, ಕಾಲ್ಚಿಸಿನ್ ಬೆರೆಸಿದ ಸೋಡಿಯಂ ಸಿಟ್ರೇಟಿನಲ್ಲಿ ಇಡುತ್ತೇವೆ. ಕೋಶ ಉಬ್ಬುತ್ತದೆ, ವಿಭಜನೆ ಅಲ್ಲೇ ನಿಲ್ಲುತ್ತದೆ. ಕೊನೆಗೆ ಗೀಮ್ಸಾ ಬಣ್ಣ.

ಮೂರನೇ ವಾರ ಒಬ್ಬ ಹುಡುಗಿ ಬಂದಳು. "ಮೇಡಂ, ಈ ಮೂರು ಸ್ಲೈಡಲ್ಲಿ ಲೆಕ್ಕ ಸರಿಯಾಗಿ ಅರ್ಧ ಬರ್ತಿದೆ" ಅಂದಳು. ಕೋಶ ಒಡೆದು ಚೆಲ್ಲಿರಬೇಕು ಅಂದುಕೊಂಡೆ. "ಕೆಟ್ಟಿದೆ ಕಣಮ್ಮ, ಬಿಸಾಕು" ಅಂದೆ.

ಅವಳು ಬಿಸಾಕಲಿಲ್ಲ. ಮಾರನೇ ದಿನ ಇನ್ನಷ್ಟು ಕೋಶ ಎಣಿಸಿಕೊಂಡು ಬಂದಳು. "ಎಲ್ಲದರಲ್ಲೂ ಅಷ್ಟೇ ಇದೆ ಮೇಡಂ. ಎಲ್ಲಕ್ಕಿಂತ ಉದ್ದದ್ದು ನೋಡಿ, ಅದಕ್ಕೆ ಜೊತೆಯೇ ಇಲ್ಲ." ಕೆಟ್ಟ ಸ್ಲೈಡಾದರೆ ಕೋಶಕ್ಕೊಂದು ಲೆಕ್ಕ ಬರಬೇಕು, ಅಲ್ವಾ?

ಅವು ಗಂಡು. ಕಣಜ, ಜೇನು, ಇರುವೆಗಳಲ್ಲಿ ಗಂಡು ಹುಟ್ಟುವುದು ಫಲಿಸದ ಮೊಟ್ಟೆಯಿಂದ, ಹಾಗಾಗಿ ತಾಯಿಯ ಒಂದೇ ಸೆಟ್. ಜೇನಿನಲ್ಲಿ ಹೆಣ್ಣಿಗೆ 32, ಗಂಡಿಗೆ 16. ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯುವ ವಿಷಯ ಇದು. ಆದರೆ ಈ ಕಣಜದ ಗಂಡು ಹುಟ್ಟಿ ಒಂದು ವಾರದಷ್ಟರಲ್ಲೇ ಗೂಡು ಬಿಟ್ಟು ಹೋಗುತ್ತದೆ, ಗೂಡಿನ ಮೇಲೆ ಜಾಸ್ತಿ ಕಾಣುವುದು ಹೆಣ್ಣೇ, ಒಳಗೆ ಗಂಡುಮರಿ ಇದ್ದಾವು ಅನ್ನುವುದು ನನ್ನ ತಲೆಗೇ ಬರಲಿಲ್ಲ. ಉಳಿದ ಮುಚ್ಚಿದ ಕೋಣೆಗಳನ್ನು ಬಾಟಲಿಯಲ್ಲಿಟ್ಟು ಬಾಯಿಗೆ ಬಟ್ಟೆ ಕಟ್ಟಿ ಕಾದೆವು. ಹೊರಬಂದ ಕಣಜಗಳ ಮೀಸೆಯ ಗೆಣ್ಣು ಲೆನ್ಸ್ ಹಿಡಿದು ಎಣಿಸಿದೆವು. ಹೆಣ್ಣಿಗೆ 12 ಇರುತ್ತವೆ. ಕೆಲವಕ್ಕೆ 13 ಇದ್ದವು.

ನನಗೆ ಭಯವಾದದ್ದು ಆಮೇಲೆ. ಕ್ರೋಮೋಸೋಮ್ ಸಂಖ್ಯೆ ಹೇಗೆ ಬದಲಾಗುತ್ತಾ ಬಂತು ಅಂತ ತಿಳಿಯಲು ಒಂದು ಜಾತಿಯ ಲೆಕ್ಕವನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತಾರೆ. ಒಂದು ಮುರಿದು ಎರಡಾದರೆ ಸಂಖ್ಯೆ ಏರುತ್ತದೆ, ಎರಡು ಬೆಸೆದರೆ ಇಳಿಯುತ್ತದೆ. ಯುರೋಪಿನ ದೊಡ್ಡ ಕಣಜ ವೆಸ್ಪಾ ಕ್ರಾಬ್ರೋದ ಗಂಡಿಗೆ 25. ಆಸ್ಟ್ರೇಲಿಯಾದ ಮಿರ್ಮೀಸಿಯಾ ಕ್ರಾಸ್ಲಾಂಡಿ ಇರುವೆಯ ಗಂಡಿಗೆ ಬರೀ 1, ಅದು ಗೊತ್ತಾದದ್ದು 1986ರಲ್ಲಿ. ಇಂಥ ಪಟ್ಟಿಯಲ್ಲಿ ಒಂದು ಕಡೆ ಗಂಡಿನದು, ಇನ್ನೊಂದು ಕಡೆ ಹೆಣ್ಣಿನದು ಸೇರಿಕೊಂಡರೆ, ಆಗದೇ ಇದ್ದ ವಿಕಾಸ ಆಗಿದೆ ಅಂತ ಬರೆದುಬಿಡುತ್ತೇವೆ.

ಈಗ ಗೂಡಿನ ಚಿತ್ರ ಬರೆದು ಕೋಣೆಗೊಂದು ನಂಬರ್ ಕೊಡುತ್ತೇವೆ. ಒಂದು ಮರಿಗೆ ಒಂದು ಟ್ಯೂಬ್, ಅದೇ ನಂಬರ್. ಲೆಕ್ಕ ಸೇರದ ಸ್ಲೈಡಿಗೆ ಕೆಂಪು ಚೀಟಿ. ಎರಡನೆಯವರು ಎಣಿಸುವ ತನಕ ಅದನ್ನು ಯಾರೂ ತೆಗೆಯುವ ಹಾಗಿಲ್ಲ, ನಾನು ಹೇಳಿದರೂ.