ಸ್ಟಾಫ್ ರೂಮಿನವರು ಹೇಗಿದ್ದಾರೆ?

ನಮ್ಮ ಶಿವಮೊಗ್ಗ ಕಡೆಯ ಕಾಲೇಜುಗಳಲ್ಲಿ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಈಗ ಮಾತಾಡುತ್ತಾರೆ, ಒಳ್ಳೆಯದೇ. ಆದರೆ ಪಾಠ ಮಾಡುವವರು, ಆಫೀಸಿನ ಗುಮಾಸ್ತರು, ಲ್ಯಾಬ್ ಅಟೆಂಡರ್‌ಗಳು ಹೇಗಿದ್ದಾರೆ ಅಂತ ಕೇಳುವವರು ಕಡಿಮೆ.

ಮಳೆಗಾಲವನ್ನೇ ನೋಡಿ. ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಬಸ್ಸಿನಲ್ಲಿ ಓಡಾಡುವವರು ಕತ್ತಲಲ್ಲೇ ಮನೆ ಬಿಟ್ಟು, ಒದ್ದೆ ಸೀರೆಯಲ್ಲೇ ಮೊದಲ ಪೀರಿಯಡ್ ತೆಗೆದುಕೊಂಡು, ಆಮೇಲೆ ಅಡ್ಮಿಷನ್ ಕೆಲಸ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಗೆ ಬೇಕಾದ ಫೈಲು ಎಲ್ಲ ಮುಗಿಸಿ ಮನೆ ಸೇರುವ ಹೊತ್ತಿಗೆ, ನಾಳೆ ಬೆಳಗ್ಗೆಯೇ ಬೇಕು ಅಂತ ವಾಟ್ಸಾಪ್‌ನಲ್ಲಿ ಇನ್ನೊಂದು ಕೆಲಸ ಬಂದಿರುತ್ತದೆ. ಅತಿಥಿ ಉಪನ್ಯಾಸಕರ ಪಾಡು ಇನ್ನೂ ಕಷ್ಟ. ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಅನ್ನುವ ಚಿಂತೆಯಲ್ಲಿ ಇರುವವರಿಗೆ ಯೋಗದ ಭಾಷಣ ಕೇಳಿಸಿ ಏನು ಪ್ರಯೋಜನ? ಮೊದಲು ಸಂಬಳ ಹೊತ್ತಿಗೆ ಸರಿಯಾಗಿ ಆಗಲಿ.

ಪ್ರಿನ್ಸಿಪಾಲರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಸಂಜೆ ಮೇಲೆ ತುರ್ತಿಲ್ಲದ ಮೆಸೇಜ್ ಬೇಡ. ನೆಮ್ಮದಿಯಾಗಿ ಊಟ ಮಾಡಲು ಒಂದು ಕೋಣೆ, ಶುಚಿಯಾದ ಶೌಚಾಲಯ ಬೇಕು. ರಜೆ ಕೇಳಿದವರನ್ನು ಎಲ್ಲರ ಎದುರು ಪ್ರಶ್ನೆ ಮಾಡಬೇಡಿ. ದೂರದಿಂದ ಬರುವವರಿಗೆ ಮಳೆ ಜೋರಿರುವ ತಿಂಗಳುಗಳಲ್ಲಿ ಮೊದಲ ಪೀರಿಯಡ್ ತಪ್ಪಿಸಬಹುದು, ಅಲ್ವಾ?

ಸಹೋದ್ಯೋಗಿಗಳೇ, ನೀವೂ ಸುಮ್ನೆ ಎಲ್ಲ ನುಂಗಿಕೊಂಡು ಇರಬೇಡಿ. ನಿದ್ದೆ ಬರದೆ, ಪಾಠದಲ್ಲಿ ಮನಸ್ಸೇ ನಿಲ್ಲದೆ ವಾರಗಟ್ಟಲೆ ಕಳೆದರೆ ಅದು ಸೋಮಾರಿತನ ಅಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಟೆಲಿ ಮನಸ್ ಸಹಾಯವಾಣಿ ಇದೆ, ನಂಬರ್ 14416. ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ನೋಟಿಸ್ ಬೋರ್ಡಿಗೆ ಮಾತ್ರ ಅಲ್ಲ, ಸ್ಟಾಫ್ ರೂಮಿನ ಗೋಡೆಗೂ ಈ ನಂಬರ್ ಅಂಟಿಸಿ.