ಇಳಿಸಲು ಹೋದ ಕಾಲು

ಪಲ್ಲವಿಯ ಎರಡನೆಯ ಸಾಲಿನಲ್ಲಿ ಅವರು ಒಮ್ಮೆ ನನ್ನತ್ತ ತಿರುಗಿ ನೋಡಿದರು. ಸಿಟ್ಟಿನ ನೋಟವಲ್ಲ, ‘ಏನಾಯಿತು?’ ಎಂದು ಕೇಳುವ ನೋಟ. ಎಷ್ಟೋ ವರ್ಷಗಳಿಂದ ಸುಗಮ ಸಂಗೀತ ಹಾಡುತ್ತಾ ಬಂದಿರುವ ಹಿರಿಯ ಗಾಯಕಿ ಎಡಗೈಯಿಂದ ಕಿವಿ ಮುಚ್ಚಿಕೊಂಡು ತಮ್ಮ ಶ್ರುತಿಯನ್ನು ತಾವೇ ಹುಡುಕಿಕೊಳ್ಳುತ್ತಿದ್ದರು. ಅವರ ದನಿಯ ಮೇಲೆ ಸುರಿಯುತ್ತಿದ್ದದ್ದು ನನ್ನ ಸ್ಟ್ರಿಂಗ್ಸ್, ಪಿಟೀಲುಗಳ ಗುಂಪಿನಂಥ ದನಿ. ತಾಲ್ಲೂಕು ಕೇಂದ್ರವೊಂದರ ಮೈದಾನದಲ್ಲಿ ನಡೆದ ರಾಜ್ಯೋತ್ಸವದ ಸಂಜೆ ಅದು. ಆ ನೋಟ ನೆನಪಾದರೆ ಇಂದಿಗೂ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ.

ಆರ್ಕೆಸ್ಟ್ರಾದಲ್ಲಿ ನಾನು ಕೀಬೋರ್ಡ್ ನುಡಿಸುತ್ತೇನೆ. ಪಿಯಾನೊ ಮುಖ್ಯ ಕೀಬೋರ್ಡಿನಿಂದ, ಸ್ಟ್ರಿಂಗ್ಸ್ ಮತ್ತು ಶ್ರುತಿಯ ಪ್ಯಾಡ್ (ತಂಬೂರಿಯಂತೆ ಹಿಡಿದು ನಿಲ್ಲುವ ದನಿ) ಹಳೆಯ ಸೌಂಡ್ ಮಾಡ್ಯೂಲ್ ಎಂಬ ದನಿಪೆಟ್ಟಿಗೆಯಿಂದ, ಕೊಳಲು ಲ್ಯಾಪ್‌ಟಾಪ್‌ನಿಂದ ಬರುತ್ತವೆ. ಇವು ಒಂದಕ್ಕೊಂದು ಸೂಚನೆ ಕಳುಹಿಸುವ ಭಾಷೆ ಮಿಡಿ. ದನಿಗೆ ಒಂದರಂತೆ ಒಟ್ಟು ನಾಲ್ಕು ಮಿಡಿ ಚಾನೆಲ್. ಗಾಯಕರು ದನಿ ಇಳಿಸಿದಾಗ ನಾಲ್ಕನ್ನೂ ಒಟ್ಟಿಗೆ ಇಳಿಸಬೇಕು. ಅದನ್ನು ಎಡಗೈಯಿಂದ ಸ್ಲೈಡರ್ ಎಳೆದು ಮಾಡುತ್ತಿದ್ದೆ. ಎಡಗೈ ಸ್ಲೈಡರ್‌ಗೆ ಹೋದಾಗಲೆಲ್ಲ ಕಾರ್ಡ್ ಬಿಟ್ಟುಹೋಗುತ್ತಿತ್ತು. ಅದಕ್ಕಾಗಿಯೇ ಕಾಲಿನಿಂದ ದನಿ ಏರಿಳಿಸುವ ಎಕ್ಸ್‌ಪ್ರೆಶನ್ ಪೆಡಲ್ ಕೊಂಡೆ.

ಕಾರ್ಯಕ್ರಮದ ಹಿಂದಿನ ರಾತ್ರಿ ಮನೆಯಲ್ಲಿ ಕುಳಿತು ಸೆಟ್ ಮಾಡಿದೆ. ಪೆಡಲ್‌ಗೆ ಯಾವ ಕಂಟ್ರೋಲರ್ ಸಂಖ್ಯೆ, ಅಂದರೆ ಅದು ಏನನ್ನು ಬದಲಿಸಬೇಕು ಎಂದು ಪರದೆ ಕೇಳಿತು. ವಾಲ್ಯೂಮ್ ಎಂದರೆ 7 ಎಂದು ತಾನೇ ಎಲ್ಲರಿಗೂ ಗೊತ್ತಿರುವುದು? 7 ಎಂದೇ ಬರೆದೆ, ನಾಲ್ಕೂ ಚಾನೆಲ್‌ಗೆ. ಹಿಮ್ಮಡಿ ಒತ್ತಿದರೆ 0, ತುದಿಗಾಲು ಒತ್ತಿದರೆ 127, ಮಿಡಿಯಲ್ಲಿ ಅದೇ ಗರಿಷ್ಠ. ಹೆಡ್‌ಫೋನ್‌ನಲ್ಲಿ ಒಂದು ಕಾರ್ಡ್ ಹಿಡಿದು ಕಾಲು ಆಡಿಸಿದೆ. ದನಿ ಪೂರ್ತಿ ಅಡಗಿತು, ಪೂರ್ತಿ ಎದ್ದಿತು. ಪೆಡಲ್ ಕೆಲಸ ಮಾಡುತ್ತಿದೆ ಎಂದು ಮಲಗಿದೆ. ಒಂದೇ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ನುಡಿಸಿ ನೋಡಿದ್ದರೆ ಸಾಕಿತ್ತು. ನುಡಿಸಲಿಲ್ಲ.

ಮರುದಿನ ಜನರೇಟರ್ ಬಂದದ್ದೇ ತಡವಾಗಿ. ಲೈನ್ ಚೆಕ್‌ಗೆ ಸಿಕ್ಕಿದ್ದು ಹತ್ತು ನಿಮಿಷ, ಅದರಲ್ಲಿ ಆರು ನಿಮಿಷ ರಿದಮ್ ಪ್ಯಾಡ್‌ಗೆ ಹೋಯಿತು. ನನ್ನದು ಎರಡು ಸ್ವರ, ‘ಓಕೆ, ಮುಂದೆ’.

ಆ ಭಾವಗೀತೆಯ ಬಿಜಿಎಂ, ಪಲ್ಲವಿಗೆ ಮುಂಚಿನ ವಾದ್ಯಭಾಗ, ಚೆನ್ನಾಗಿಯೇ ಬಂತು. ಅದೇ ನನ್ನನ್ನು ದಾರಿ ತಪ್ಪಿಸಿತು. ಪ್ಯಾಚ್ (ಹಾಡಿಗೆ ಉಳಿಸಿಟ್ಟ ದನಿಗಳ ಸೆಟ್ಟಿಂಗ್) ಲೋಡ್ ಆದಾಗ ನಾನು ಮೊದಲೇ ಕೂರಿಸಿಟ್ಟಿದ್ದ ಮಟ್ಟಗಳೇ ಇದ್ದವು: ಕೊಳಲು 100, ಪಿಯಾನೊ 90, ಸ್ಟ್ರಿಂಗ್ಸ್ 64, ಶ್ರುತಿಯ ಪ್ಯಾಡ್ 50. ಪೆಡಲ್ ಅಲುಗಿರಲಿಲ್ಲ, ಹಾಗಾಗಿ ಅದು ಏನನ್ನೂ ಕಳುಹಿಸಿರಲಿಲ್ಲ. ಗಾಯಕಿ ಉಸಿರು ಎಳೆದುಕೊಂಡರು. ಪಲ್ಲವಿಗೆ ಜಾಗ ಬಿಡೋಣವೆಂದು ನಾನು ತುದಿಗಾಲನ್ನು ಒಂದಿಷ್ಟು ಸಡಿಲಿಸಿದೆ.

ದನಿ ಇಳಿಯಬೇಕಿತ್ತು, ಏರಿತು.

ಪೆಡಲ್‌ನ ಅಡಿಯಲ್ಲಿ ಒಂದು ಪೋಲಾರಿಟಿ ಸ್ವಿಚ್ ಇದೆ. ವ್ಯಾನ್‌ನಿಂದ ಸಾಮಾನು ಇಳಿಸುವಾಗ ಯಾರೋ ಅದನ್ನು ತಳ್ಳಿರಬೇಕು, ದಿಕ್ಕು ತಿರುಗಿಹೋಗಿದೆ ಎಂದು ಆ ಕ್ಷಣದಲ್ಲಿ ನನಗೆ ಅನುಮಾನವೇ ಇಲ್ಲದಷ್ಟು ಖಚಿತವಾಗಿ ಅನ್ನಿಸಿತು. ಹಾಗಾದರೆ ಇಳಿಸಬೇಕೆಂದರೆ ಮುಂದಕ್ಕೆ ಒತ್ತಬೇಕು. ಒತ್ತಿದೆ, ಪೂರ್ತಿ. ಆಗಲೇ ಅವರು ತಿರುಗಿ ನೋಡಿದ್ದು. ಗಾಬರಿಯಿಂದ ಹಿಮ್ಮಡಿಗೆ ತಂದೆ. ಎಲ್ಲವೂ ಸತ್ತುಹೋಯಿತು, ಶ್ರುತಿಯ ಪ್ಯಾಡ್ ಕೂಡ. ತಬಲಾ ಒಂದನ್ನೇ ಆಧಾರ ಮಾಡಿಕೊಂಡು ಅವರು ಸಾಲನ್ನು ಮುಗಿಸಿದರು. ನಡುವೆ ಎಲ್ಲಿ ನಿಲ್ಲಿಸಿದರೂ ನಾಲ್ಕೂ ದನಿಗಳು ಒಂದೇ ಮಟ್ಟಕ್ಕೆ ಬಂದು ಒಂದರ ಮೇಲೊಂದು ಬೀಳುತ್ತಿದ್ದವು. ಕೊನೆಗೆ ಪೆಡಲ್‌ನಿಂದ ಕಾಲನ್ನೇ ತೆಗೆದು, ಮಾಡ್ಯೂಲ್ ಮತ್ತು ಲ್ಯಾಪ್‌ಟಾಪ್‌ನ ಗುಂಡಿಗಳನ್ನು ಸೊನ್ನೆಗೆ ತಿರುಗಿಸಿ, ಉಳಿದ ಎರಡು ಚರಣಗಳಿಗೆ ಬರಿಯ ಪಿಯಾನೊ ನುಡಿಸಿದೆ.

ವಾಪಸು ಬರುವಾಗ ವ್ಯಾನ್‌ನಲ್ಲಿ ಕುಳಿತು ಲ್ಯಾಪ್‌ಟಾಪ್ ಅನ್ನು ದೂರಿದೆ, ಕೇಬಲ್ ಅನ್ನು ದೂರಿದೆ. ನಾಲ್ಕು ಚಾನೆಲ್‌ಗೆ ಒಟ್ಟಿಗೆ ಕಳುಹಿಸಿದ್ದರಿಂದ ಮಿಡಿ ತಡವಾಗಿರಬೇಕು ಎಂದೂ ಹೇಳಿದೆ. ಅದು ಸುಳ್ಳು. ಮಿಡಿ ಕೇಬಲ್‌ನ ವೇಗ ಸೆಕೆಂಡಿಗೆ 31,250 ಬಿಟ್. ಇಂಥ ಒಂದು ಸಂದೇಶಕ್ಕೆ ಸುಮಾರು ಒಂದು ಮಿಲಿಸೆಕೆಂಡ್ ಬೇಕು, ನಾಲ್ಕಕ್ಕೆ ನಾಲ್ಕು. ಅದು ಯಾರ ಕಿವಿಗೂ ಗೊತ್ತಾಗುವಷ್ಟಲ್ಲ. ಪೋಲಾರಿಟಿ ಸ್ವಿಚ್ ಕೂಡ ಇದ್ದಲ್ಲೇ ಇತ್ತು.

ತಪ್ಪು ಇದ್ದದ್ದು ನಾನು ಬರೆದ 7ರಲ್ಲಿ. ಸಿಸಿ 7, ಅಂದರೆ ಕಂಟ್ರೋಲರ್ ಸಂಖ್ಯೆ 7, ಚಾನೆಲ್‌ನ ಮಟ್ಟ. ಪೆಡಲ್ 110 ಎಂದು ಕಳುಹಿಸಿದರೆ 64ರಲ್ಲಿದ್ದ ಸ್ಟ್ರಿಂಗ್ಸ್ ಕೂಡ 110ಕ್ಕೆ ಹಾರುತ್ತದೆ. ಜನರಲ್ ಮಿಡಿ ಎಂಬ ಮಾನದಂಡ ಶಿಫಾರಸು ಮಾಡುವ ಲೆಕ್ಕದ (ಕರ್ವ್) ಪ್ರಕಾರ ಅದು 9 ಡೆಸಿಬೆಲ್‌ಗಿಂತ ಹೆಚ್ಚು ಏರಿಕೆ. 127ಕ್ಕೆ ಹೋದರೆ ಸುಮಾರು 12. ನಾನು ಕಾಲನ್ನು ಇಳಿಸಿದ್ದೇನೋ ನಿಜ, ಆದರೆ 127ರಿಂದ 110ಕ್ಕೆ. ಸ್ಟ್ರಿಂಗ್ಸ್ ಪಾಲಿಗೆ ಅದು 64ರಿಂದ 110. ತಿಂಗಳುಗಟ್ಟಲೆ ಕಿವಿಯಿಟ್ಟು ಕೂರಿಸಿದ್ದ ಮಿಕ್ಸ್ ಅನ್ನು ಒಂದೇ ಚಲನೆಯಲ್ಲಿ ನಾನೇ ಅಳಿಸಿದ್ದೆ.

ಬೇಕಿದ್ದದ್ದು ಸಿಸಿ 11, ಎಕ್ಸ್‌ಪ್ರೆಶನ್. ಅದು 7ರ ಮಟ್ಟವನ್ನು ಮುಟ್ಟುವುದಿಲ್ಲ, ಅದರ ಒಳಗೇ ಏರಿಳಿಯುತ್ತದೆ. ನಾನು ಕಲಿತದ್ದು ಹಾರ್ಮೋನಿಯಂ. ತಿದಿ ಮೆಲ್ಲಗಾದರೆ ಒತ್ತಿದ ಮೂರೂ ಸ್ವರಗಳು ಒಟ್ಟಿಗೆ ಮೆಲ್ಲಗಾಗುತ್ತವೆ, ಜೋರಿನ ರೀಡ್ ಜೋರಾಗಿಯೇ, ಮೆದುವಿನದು ಮೆದುವಾಗಿಯೇ ಉಳಿದು. ಪೆಡಲ್‌ನಿಂದ ನನಗೆ ಬೇಕಿದ್ದದ್ದು ಆ ತಿದಿಯ ಕೆಲಸ. ಹತ್ತು ವರ್ಷ ಎಡಗೈಯಲ್ಲಿ ಮಾಡಿದ್ದನ್ನು ಕಾಲಿಗೆ ಕಲಿಸುವಾಗ ಮರೆತದ್ದು ನನಗೆ ಬಹಳ ನೋವು ಕೊಟ್ಟಿತು.

ಈಗ 11ಕ್ಕೆ ಕೆಳಗಿನ ಮಿತಿಯನ್ನೂ ಹಾಕಿದ್ದೇನೆ, 40. ಹಿಮ್ಮಡಿ ಪೂರ್ತಿ ಒತ್ತಿದರೂ ಸುಮಾರು 20 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಶ್ರುತಿಯ ಪ್ಯಾಡ್ ಅನ್ನು ಪೆಡಲ್‌ನಿಂದಲೇ ಬಿಡಿಸಿದ್ದೇನೆ, ಗಾಯಕರ ಕಾಲ ಕೆಳಗಿನ ನೆಲ ಅದು. ಇನ್ನೊಂದು ತೊಂದರೆ ರಿಹರ್ಸಲ್‌ನಲ್ಲಿ ಸಿಕ್ಕಿತು. ಹಾಡು ಬದಲಾಗುವಾಗ ಲ್ಯಾಪ್‌ಟಾಪ್ ರೀಸೆಟ್ ಸಂದೇಶ ಕಳುಹಿಸುತ್ತದೆ. ಅದು 7 ಅನ್ನು ಹಾಗೆಯೇ ಬಿಟ್ಟು 11 ಅನ್ನು 127ಕ್ಕೆ ಒಯ್ಯುತ್ತದೆ. ಕಾಲು ಹಿಮ್ಮಡಿಯಲ್ಲಿದ್ದರೂ ದನಿ ಪೂರ್ತಿ. ಆದ್ದರಿಂದ ಪ್ರತಿ ಹಾಡಿನ ಕೌಂಟ್‌ಗೆ ಮುಂಚೆ ಪೆಡಲ್ ಅನ್ನು ಬೆರಳಗಲ ಅಲುಗಿಸಿ ಕಾಲು ಎಲ್ಲಿದೆ ಎಂದು ಎಲ್ಲ ಯಂತ್ರಗಳಿಗೂ ತಿಳಿಸುತ್ತೇನೆ.

ಆಡಿಯೊ ವಾಲ್ಯೂಮ್ ಪೆಡಲ್ ಹಾಕಿಬಿಡು, ಇಷ್ಟೆಲ್ಲ ಯಾಕೆ ಎಂದು ಗಿಟಾರ್‌ನವರು ಹೇಳಿದರು. ಮಿಕ್ಸರ್ ಆದ ಮೇಲೆ ಅದನ್ನು ಹಾಕಿದರೆ ಕೊಳಲಿನ ರಿವರ್ಬ್ (ಅನುರಣನ) ಬಾಲವೂ ಕತ್ತರಿಸಿಹೋಗುತ್ತದೆ. ಭಾವಗೀತೆಯಲ್ಲಿ ಆ ಬಾಲ ನನಗೆ ಬೇಕು.

ನನ್ನ ತಪ್ಪು ನನ್ನದೇ. ಆದರೆ ಒಂದು ಮಾತನ್ನು ಹೇಳದೆ ಬಿಡಲಾರೆ. ಅಂದು ನಮ್ಮ ಮ್ಯಾನೇಜರ್ ಕೀಬೋರ್ಡಿಗೆ ಕೊಟ್ಟದ್ದು ಎರಡೇ ಲೈನ್, ಎಡ ಮತ್ತು ಬಲ. ಸ್ಟ್ರಿಂಗ್ಸ್‌ಗೆ ಬೇರೆ ಲೈನ್ ಇದ್ದಿದ್ದರೆ ಸೌಂಡ್ ಎಂಜಿನಿಯರ್ ಎರಡು ಸೆಕೆಂಡಿನಲ್ಲಿ ಆ ಫೇಡರ್ ಎಳೆದು ಪಲ್ಲವಿಯನ್ನು ಉಳಿಸುತ್ತಿದ್ದರು. ಅವರ ಕೈ ಫೇಡರ್ ಮೇಲೆಯೇ ಇತ್ತು, ಎಳೆದರೆ ಪಿಯಾನೊ ಕೂಡ ಹೋಗುತ್ತಿತ್ತು. ಮುಂದಿನ ಕಾರ್ಯಕ್ರಮಕ್ಕೆ ನಾಲ್ಕು ಲೈನ್, ನಾಲ್ಕು ಡಿಐ ಬಾಕ್ಸ್ (ವಾದ್ಯದ ಲೈನನ್ನು ಮಿಕ್ಸರ್‌ಗೆ ಜೋಡಿಸುವ ಪೆಟ್ಟಿಗೆ) ಬೇಕೆಂದು ಬರೆದು ಕೊಟ್ಟಿದ್ದೇನೆ. ಬಾಡಿಗೆ ಹೆಚ್ಚಾಗುತ್ತದೆ ಎಂದಿದ್ದಾರೆ. ಎರಡು ಬಾಕ್ಸ್‌ಗಳ ಬಾಡಿಗೆಯನ್ನು ನನ್ನ ಸಂಭಾವನೆಯಲ್ಲಿ ಮುರಿದುಕೊಳ್ಳಿ ಎಂದು ಹೇಳಿ ಬಂದಿದ್ದೇನೆ.